ಆಲ್ಪಾಕದ ಉಣ್ಣೆಯೂ ಕೇಶವಾಣಿಜ್ಯವೂ

ಇಂಗ್ಲೆಂಡ್, ಅಮೆರಿಕ, ಕೆನಡಾ ದೇಶಗಳಲ್ಲಿ ನೆಲೆಸಿರುವ ಜೈನ ಕುಟುಂಬಗಳಿಗೆ ಚಳಿಗಾಲವೆಂಬುದು ವರ್ಷಕ್ಕೊಮ್ಮೆ ತಪ್ಪದೆ ಬರುವ ಧರ್ಮಸಂಕಟ. ಚರ್ಮದ ಅಂಗಿಯನ್ನು ತೊಡುವಂತಿಲ್ಲ. ಪಕ್ಷಿಗಳ ಪುಕ್ಕ ತುಂಬಿದ ಮೇಲಂಗಿಯನ್ನು ಮುಟ್ಟುವಂತಿಲ್ಲ. ಹತ್ತಿಯ ಬಟ್ಟೆ ಹಿಮದ ಮುಂದೆ ನಿಲ್ಲದು. ಈ ಸಂಕಟಕ್ಕೆ ಒಂದು ಪರಿಹಾರವೆಂಬಂತೆ ಈಚಿನ ದಶಕಗಳಲ್ಲಿ ಆಲ್ಪಾಕದ ಉಣ್ಣೆ ಕಾಣಿಸಿಕೊಂಡಿದೆ. ಹಳ್ಳಿಗಾಡಿನ ಮನೆಯ ಹಿತ್ತಲಿನಲ್ಲಿ ನಾಲ್ಕಾರು ಪ್ರಾಣಿಗಳನ್ನು ಸಾಕಿ, ವರ್ಷಕ್ಕೊಮ್ಮೆ ಅವುಗಳ ಉಣ್ಣೆಯನ್ನು ಕತ್ತರಿಸಿ, ಮನೆಯಲ್ಲಿಯೇ ನೂತು, ಮನೆಯಲ್ಲಿಯೇ ಹೆಣೆದ ಟೋಪಿ, ಶಾಲು, ಸ್ವೆಟರುಗಳನ್ನು 'ಯಾವ ಪ್ರಾಣಿಗೂ ನೋವಿಲ್ಲದ ಉಣ್ಣೆ' ಎಂಬ ಮಾತಿನೊಡನೆ ಮಾರುವವರು ಅಲ್ಲಿ ಹೇರಳವಾಗಿದ್ದಾರೆ. ಆ ಮಾತನ್ನು ನಮ್ಮವರು ಕ್ಷಣಮಾತ್ರದಲ್ಲಿ 'ಅಹಿಂಸಾ ಉಣ್ಣೆ' ಎಂದು ಅನುವಾದಿಸಿಕೊಳ್ಳುತ್ತಾರೆ. ರಜೆಗೆ ಊರಿಗೆ ಬರುವ ಮಗಳ ಪೆಟ್ಟಿಗೆಯಲ್ಲಿ ಅಂಥ ಒಂದು ಶಾಲು ಅಜ್ಜಿಗೆಂದು ಬರುತ್ತದೆ. ಅದನ್ನು ಹೊದ್ದು ಬಸದಿಗೆ ಹೋಗಬಹುದೇ ಎಂಬ ಪ್ರಶ್ನೆ ಏಳುತ್ತದೆ.

ಈ ಪ್ರಶ್ನೆಗೆ ಸಮಾಜದಲ್ಲಿ ಎರಡು ಉತ್ತರಗಳು ಸಿದ್ಧವಾಗಿವೆ. ಪ್ರಾಣಿಯ ದೇಹದಿಂದ ಬಂದುದೆಲ್ಲ ಚರ್ಮಕ್ಕೆ ಸಮಾನ, ಆದ್ದರಿಂದ ಉಣ್ಣೆ ಸರ್ವಥಾ ವರ್ಜ್ಯ ಎಂಬುದು ಒಂದು. ಉಣ್ಣೆ ತೆಗೆದರೆ ಪ್ರಾಣಿ ಸಾಯುವುದಿಲ್ಲ, ಕೂದಲು ಮತ್ತೆ ಬೆಳೆಯುತ್ತದೆ, ಆದ್ದರಿಂದ ದೋಷವೇ ಇಲ್ಲ ಎಂಬುದು ಇನ್ನೊಂದು. ಎರಡೂ ಬಹು ಸುಲಭವಾದ ಉತ್ತರಗಳು. ವಿಚಾರ ಮಾಡುವ ಶ್ರಮವನ್ನು ಉಳಿಸುವುದರಿಂದಲೇ ಎರಡಕ್ಕೂ ಅನುಯಾಯಿಗಳಿದ್ದಾರೆ. ಎರಡೂ ಉತ್ತರಗಳು ಕೂದಲನ್ನು ನೋಡುತ್ತವೆ, ಕೂದಲು ಹೊತ್ತ ಜೀವವನ್ನು ನೋಡುವುದಿಲ್ಲ.

ಆಲ್ಪಾಕವು ಒಂಟೆಯ ವಂಶಕ್ಕೆ ಸೇರಿದ ಸಾಧುಪ್ರಾಣಿ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಎತ್ತರದ ಹುಲ್ಲುಗಾವಲು ಅದರ ತವರು. ಕಾಡಿನ ವಿಕುನ್ಯ ಎಂಬ ಪ್ರಾಣಿಯನ್ನು ಅಲ್ಲಿನ ಜನ ಹಲವು ಸಾವಿರ ವರ್ಷಗಳ ಹಿಂದೆಯೇ ಪಳಗಿಸಿ ಇದನ್ನು ಪಡೆದರೆಂದು ವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಇಂದಿಗೂ ಪ್ರಪಂಚದ ಆಲ್ಪಾಕಗಳಲ್ಲಿ ಬಹುಪಾಲು ಇರುವುದು ಪೆರು ದೇಶದಲ್ಲಿ. ಪುನೋ, ಕುಸ್ಕೋ ಪ್ರಾಂತಗಳ ಬಡ ಪಶುಪಾಲಕರ ಬಳಿ. 1836ರ ಸುಮಾರಿಗೆ ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದ ಟೈಟಸ್ ಸಾಲ್ಟ್ ಎಂಬ ವರ್ತಕನು ಯಾರಿಗೂ ಬೇಡವಾಗಿ ಬಿದ್ದಿದ್ದ ಆಲ್ಪಾಕದ ಮೂಟೆಗಳನ್ನು ಕೊಂಡು, ಅದನ್ನು ಯಂತ್ರದಲ್ಲಿ ನೂಲುವ ಉಪಾಯವನ್ನು ಸಾಧಿಸಿ ಅಪಾರ ಸಂಪತ್ತನ್ನು ಗಳಿಸಿದನು. 1853ರಲ್ಲಿ ಅವನು ತೆರೆದ ಗಿರಣಿಯ ಸುತ್ತ ಸಾಲ್ಟೇರ್ ಎಂಬ ಊರೇ ಬೆಳೆಯಿತು. ಬ್ರಿಟಿಷರ ಕಾಲದ ಭಾರತದಲ್ಲಿ ವಕೀಲರೂ ಗುಮಾಸ್ತರೂ ತೊಡುತ್ತಿದ್ದ ಕರಿಯ ಆಲ್ಪಾಕ ಕೋಟು ಈ ವ್ಯಾಪಾರದ ಕೊನೆಯ ಕೊಂಡಿ. ಅಂದಮೇಲೆ ಈ ಉಣ್ಣೆಯು ನಮಗೆ ತೀರ ಹೊಸತೇನಲ್ಲ. ಅದು ದೂರದ ಗಿರಣಿಯಿಂದ ಬರುತ್ತಿದ್ದಾಗ ಯಾರೂ ಪ್ರಶ್ನೆ ಕೇಳಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಮೊದಲು ಉಣ್ಣೆಯೆಂದರೆ ಚರ್ಮವೇ ಎಂಬ ವಾದವನ್ನು ಪರೀಕ್ಷಿಸಬಹುದು. ಹೀಗೆ ನುಡಿಯುವವರು ತಮ್ಮ ಪರಂಪರೆಯನ್ನೇ ಮರೆತಿದ್ದಾರೆ. ದಿಗಂಬರ ಮುನಿಗಳ ಕೈಯಲ್ಲಿರುವ ಪಿಂಛಿ ನವಿಲುಗರಿಯದು. ನವಿಲು ತಾನಾಗಿ ಉದುರಿಸಿದ ಗರಿಯಾದ್ದರಿಂದ ಅದು ಸಂಯಮದ ಉಪಕರಣವಾಯಿತು. ಶ್ವೇತಾಂಬರ ಸಾಧುಗಳ ರಜೋಹರಣ ಉಣ್ಣೆಯ ಎಳೆಗಳದು. ಅವರು ಹೊದೆಯುವ ಕಂಬಳಿಯೂ ಉಣ್ಣೆಯದೇ. ಸೂಕ್ಷ್ಮ ಜೀವವನ್ನು ಉಳಿಸುವುದಕ್ಕಾಗಿಯೇ ಹಿಡಿದ ಸಾಧನವು ಹಿಂಸೆಯ ಫಲವೆಂದು ತಿಳಿದಿದ್ದರೆ ಪೂರ್ವಾಚಾರ್ಯರು ಅದನ್ನು ಒಪ್ಪುತ್ತಿದ್ದರೇ? ದೇಹದಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಅವರು ಯಾವುದನ್ನೂ ತಳ್ಳಲಿಲ್ಲ. ಬಂದ ಬಗೆ ಯಾವುದು, ಆಗ ಆ ಜೀವದ ಗತಿ ಏನಾಯಿತು ಎಂದು ವಿಚಾರಿಸಿದರು.

ಇದಕ್ಕಿಂತ ವಿಚಿತ್ರವಾದುದು ಇನ್ನೊಂದಿದೆ. ಉಣ್ಣೆಯ ಶಾಲನ್ನು ಕಂಡು ಹುಬ್ಬು ಗಂಟಿಕ್ಕುವ ಹಿರಿಯರಲ್ಲಿ ಅನೇಕರು ಪೂಜೆಗೆ ಕುಳಿತುಕೊಳ್ಳುವುದು ಪಟ್ಟೆಮಡಿಯಲ್ಲಿ. ರೇಷ್ಮೆಯ ಹುಳುವನ್ನು ಗೂಡಿನೊಳಗಿರುವಾಗಲೇ ಬಿಸಿನೀರಿಗೋ ಬಿಸಿಹಬೆಗೋ ಒಡ್ಡಿ ಕೊಂದು ಎಳೆ ತೆಗೆಯುವುದು ರಾಮನಗರದ ಗೂಡಿನ ಮಾರುಕಟ್ಟೆಯನ್ನು ಕಂಡ ಯಾರಿಗೂ ಗುಟ್ಟಲ್ಲ. ಒಂದು ಕಿಲೋ ಕಚ್ಚಾರೇಷ್ಮೆಗೆ ಐದಾರು ಸಾವಿರ ಗೂಡುಗಳು ಬೇಕು. ಪಟ್ಟೆ ಬೇಡವೆನ್ನುವ ಧ್ವನಿ ಸಮಾಜದಲ್ಲಿ ಬಹುಕಾಲದಿಂದ ಇದ್ದರೂ ಮದುವೆಯ ಚಪ್ಪರಗಳಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲ. ಸಾವಿರಾರು ತ್ರಸಜೀವಿಗಳ ಸಾವನ್ನು ಮೈಮೇಲೆ ಹೊದ್ದು, ಬದುಕಿರುವ ಪ್ರಾಣಿಯ ಕೂದಲನ್ನು ನಿಷೇಧಿಸುವ ಠರಾವನ್ನು ಸಮಿತಿಯ ಸಭೆಯಲ್ಲಿ ಮಂಡಿಸುವುದು ಧರ್ಮನಿಷ್ಠೆಯ ಲಕ್ಷಣವೆಂದು ಹೇಗೆ ಹೇಳುವುದು? ಟ್ರಸ್ಟುಗಳ ಪದಾಧಿಕಾರಿಗಳು ಇಂಥ ಠರಾವಿಗೆ ಸಹಿ ಹಾಕುವ ಮುನ್ನ ತಮ್ಮ ಉತ್ತರೀಯದ ನೂಲು ಯಾವುದೆಂದು ಒಮ್ಮೆ ನೋಡಿಕೊಳ್ಳುವುದು ಒಳಿತು.

ಇಷ್ಟನ್ನು ಹೇಳಿದ ಮಾತ್ರಕ್ಕೆ ಎರಡನೆಯ ಪಕ್ಷದವರು ಹಿಗ್ಗಬೇಕಾಗಿಲ್ಲ. ಅವರ ತಪ್ಪು ಇನ್ನೂ ಆಳವಾದುದು.

ಗೃಹಸ್ಥನ ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಐದು ಅತಿಚಾರಗಳನ್ನು ಹೇಳುತ್ತದೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಹೇರುವುದು, ಮೇವು ನೀರನ್ನು ತಡೆಯುವುದು. ಪಾಠಶಾಲೆಯಲ್ಲಿ ಕಂಠಪಾಠ ಮಾಡಿದ ಈ ಪಟ್ಟಿಯನ್ನು ನಿಧಾನವಾಗಿ ಓದಿದರೆ ಒಂದು ಸಂಗತಿ ಹೊಳೆಯದಿರದು. ಇಲ್ಲಿ 'ವಧ' ಎಂದರೆ ಕೊಲ್ಲುವುದಲ್ಲ, ಕೋಲು ಚಾವಟಿಗಳಿಂದ ಹೊಡೆಯುವುದು. ಕೊಲೆಯಾದರೆ ವ್ರತವೇ ಭಂಗವಾಯಿತು. ಅದು ಅತಿಚಾರದ ಮಟ್ಟವನ್ನು ಮೀರಿತು. ಹೀಗೆ ಐದೂ ಅತಿಚಾರಗಳು ಪ್ರಾಣಿಯನ್ನು ಸಾಕಿಕೊಂಡವನು ಅದನ್ನು ಜೀವಂತವಾಗಿ ಇಟ್ಟುಕೊಂಡೇ ಮಾಡಬಹುದಾದ ದೋಷಗಳು. ಪ್ರಾಣಿ ಸಾಯಲಿಲ್ಲ ಎಂಬ ಸಮಾಧಾನವನ್ನು ಸೂತ್ರಕಾರರು ಸ್ವೀಕರಿಸಲಿಲ್ಲವೆಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ.

ಈ ಅಳತೆಗೋಲನ್ನು ಹಿಡಿದು ಹಿತ್ತಲಿನ ಆಲ್ಪಾಕದ ಬಳಿಗೆ ಹೋಗಬಹುದು. ಉಣ್ಣೆ ಕತ್ತರಿಸುವುದು ವರ್ಷಕ್ಕೊಮ್ಮೆ, ಬೇಸಿಗೆ ಕಾಲಿಡುವ ಹೊತ್ತಿಗೆ. ಮುಂಗಾಲುಗಳಿಗೂ ಹಿಂಗಾಲುಗಳಿಗೂ ಹಗ್ಗ ಬಿಗಿದು, ಎರಡು ಕಡೆಗೂ ಎಳೆದು, ಪ್ರಾಣಿಯನ್ನು ಚಾಪೆಯ ಮೇಲೆ ಮಗ್ಗುಲಾಗಿ ಮಲಗಿಸಿ, ಒಬ್ಬರು ತಲೆಯನ್ನು ಹಿಡಿದುಕೊಳ್ಳುತ್ತಾರೆ. ಇನ್ನೊಬ್ಬರು ಯಂತ್ರದ ಕತ್ತರಿಯನ್ನು ಆಡಿಸುತ್ತಾರೆ. ನುರಿತ ಕೈಯಾದರೆ ಕೆಲವೇ ನಿಮಿಷಗಳ ಕೆಲಸ. ಅದೇ ಹೊತ್ತಿನಲ್ಲಿ ಬೆಳೆದ ಉಗುರನ್ನೂ, ಬೇಕಾದರೆ ಮುಂದೆ ಚಾಚಿದ ಹಲ್ಲನ್ನೂ ಸರಿಪಡಿಸುತ್ತಾರೆ. ಸ್ವಭಾವತಃ ಪುಕ್ಕಲು ಪ್ರಾಣಿಯಾದ್ದರಿಂದ ಕೆಲವು ಕಿರುಚುತ್ತವೆ, ಉಗುಳುತ್ತವೆ. ಇದು ಬಂಧವೇ? ಮೇಲುನೋಟಕ್ಕೆ ಹೌದು. ಆದರೆ ಈ ಪ್ರಾಣಿಯ ಉಣ್ಣೆಯನ್ನು ತೆಗೆಯದೆ ಬಿಟ್ಟರೆ ಬೇಸಿಗೆಯ ಬಿಸಿಲಿಗೆ ಅದು ಬಳಲುತ್ತದೆ, ಸಾಯಲೂಬಹುದು. ಸಾವಿರಾರು ವರ್ಷ ಮನುಷ್ಯನೇ ಆಯ್ದು ಆಯ್ದು ಬೆಳೆಸಿದ ತುಪ್ಪಳ ಅದು. ಅದನ್ನು ಇಳಿಸುವ ಹೊಣೆಯೂ ಮನುಷ್ಯನದೇ. ಮಗುವಿನ ಗಾಯಕ್ಕೆ ಮದ್ದು ಹಾಕುವಾಗ ಕೈಕಾಲು ಹಿಡಿಯುವುದನ್ನು ಯಾರೂ ಬಂಧವೆನ್ನುವುದಿಲ್ಲ. ಕೂದಲು ಅಂಗವಲ್ಲವಾದ್ದರಿಂದ ಅದನ್ನು ಕತ್ತರಿಸುವುದು ಛೇದವೂ ಆಗದು. ಕಿವಿ ಮೂಗು ಮೊದಲಾದ ಅವಯವಗಳನ್ನು ಕತ್ತರಿಸುವುದೇ ಛೇದವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಕತ್ತರಿ ಎಚ್ಚರದಿಂದ ಆಡಿದರೆ ಅಲ್ಲಿ ಪ್ರಮಾದವಿಲ್ಲ. ಎಚ್ಚರದ ಪ್ರಶ್ನೆ ಮಾತ್ರ ಸಣ್ಣದಲ್ಲ. 2020ರಲ್ಲಿ ಪೇಟಾ ಎಂಬ ಪ್ರಾಣಿದಯಾ ಸಂಸ್ಥೆಯು ಪೆರುವಿನ ಒಂದು ದೊಡ್ಡ ಪಶುಕ್ಷೇತ್ರದಲ್ಲಿ ಗುಟ್ಟಾಗಿ ತೆಗೆದ ಚಿತ್ರಗಳಲ್ಲಿ, ಬಾಲ ಹಿಡಿದು ಎತ್ತಿದ, ಮೈಮೇಲೆ ಕತ್ತರಿಯ ಗಾಯಗಳಾದ ಬಸುರಿ ಆಲ್ಪಾಕಗಳು ಕಂಡವು. ಕೆಲಸಗಾರನಿಗೆ ಅವಸರವಿದ್ದಲ್ಲಿ ಅಹಿಂಸೆಗೆ ಎಡೆಯಿರುವುದಿಲ್ಲ. ಮನೆಯ ಹಿತ್ತಲಿನಲ್ಲಿ ಅವಸರ ಕಡಿಮೆ, ಅಷ್ಟನ್ನು ಒಪ್ಪಬೇಕು.

ಹಾಗಾದರೆ ಕತ್ತರಿಯಲ್ಲಿಯೂ ಇಲ್ಲದ, ಕೂದಲಿನಲ್ಲಿಯೂ ಇಲ್ಲದ ದೋಷ ಎಲ್ಲಿದೆ?

ಲೆಕ್ಕದ ಪುಸ್ತಕದಲ್ಲಿದೆ. ವ್ಯಾಪಾರಿಗಳ ಸಮಾಜವೊಂದು ಈ ಪ್ರಶ್ನೆಯನ್ನು ಜಮಾಖರ್ಚಿನ ಕಡೆಯಿಂದ ನೋಡದಿರುವುದೇ ಆಶ್ಚರ್ಯ. ಒಂದು ಆಲ್ಪಾಕ ವರ್ಷಕ್ಕೆ ಎರಡು ಮೂರು ಕಿಲೋ ಉಣ್ಣೆ ಕೊಡುತ್ತದೆ. ಬೆನ್ನು ಮತ್ತು ಪಕ್ಕೆಗಳ ಮೇಲಿನದು ಮಾತ್ರ ನುಣುಪು. ಕಾಲು, ಎದೆ, ಹೊಟ್ಟೆಯದು ಒರಟು. ಕಸಕಡ್ಡಿ ಆರಿಸಿ, ತೊಳೆದು, ಹಿಂಜಿ ನೂತ ಮೇಲೆ ಉಳಿಯುವ ಒಳ್ಳೆಯ ನೂಲಿನಲ್ಲಿ ಎರಡು ಅಥವಾ ಮೂರು ಸ್ವೆಟರುಗಳಾದರೆ ಹೆಚ್ಚು. ಆ ಪ್ರಾಣಿ ಹದಿನೈದರಿಂದ ಇಪ್ಪತ್ತು ವರ್ಷ ಬದುಕುತ್ತದೆ. ಒಂಟಿಯಾಗಿ ಇರಲಾರದು, ಜೊತೆಗಾರರಿಲ್ಲದೆ ಕೊರಗುವುದರಿಂದ ಎರಡು ಮೂರನ್ನಾದರೂ ಒಟ್ಟಿಗೆ ಸಾಕಬೇಕು. ಹುಲ್ಲುಗಾವಲು, ಚಳಿಗಾಲದ ಒಣಹುಲ್ಲು, ಬೇಲಿ, ಹುಳುವಿನ ಔಷಧಿ, ಚುಚ್ಚುಮದ್ದು, ಕತ್ತರಿಸುವವನ ಕೂಲಿ, ಪಶುವೈದ್ಯನ ಶುಲ್ಕ ಇವೆಲ್ಲ ಖರ್ಚಿನ ಕಡೆಗೆ ಬರುತ್ತವೆ. ಜಮೆಯ ಕಡೆಗೆ ಎರಡು ಮೂರು ಸ್ವೆಟರು. ಇನ್ನೊಂದು ಸಂಗತಿಯನ್ನು ಮಾರುವವರು ಹೇಳುವುದಿಲ್ಲ. ವಯಸ್ಸಾದಂತೆ ಉಣ್ಣೆ ಒರಟಾಗುತ್ತದೆ. ಮೊದಲ ಕೆಲವು ವರ್ಷಗಳ ನುಣುಪು ಮುಂದೆ ಇರುವುದಿಲ್ಲ; ಮುದಿ ಪ್ರಾಣಿಯ ಉಣ್ಣೆ ಕಂಬಳಿಗೋ ನೆಲಹಾಸಿಗೋ ಮಾತ್ರ ಯೋಗ್ಯ. (ಅಂಗಡಿಗಳಲ್ಲಿ 'ಬೇಬಿ ಆಲ್ಪಾಕ' ಎಂದು ಮಾರುವುದು ಮರಿಯ ಉಣ್ಣೆಯೇ ಆಗಬೇಕೆಂದಿಲ್ಲ, ಅದು ಎಳೆಯ ನುಣುಪಿನ ಒಂದು ದರ್ಜೆ. ಈ ಹೆಸರನ್ನು ಕೇಳಿ ಮರಿಯನ್ನು ಕೊಂದರೆಂದು ಅಳುವವರೂ, ಮರಿಯದೆಂದು ಮುದ್ದಿನಿಂದ ಕೊಳ್ಳುವವರೂ ಒಂದೇ ಬಗೆಯಲ್ಲಿ ಮೋಸಹೋಗುತ್ತಾರೆ.)

ಬುದ್ಧಿವಂತನಾದ ಯಾವ ವರ್ತಕನೂ ಈ ಲೆಕ್ಕದಲ್ಲಿ ಲಾಭ ಕಾಣಲಾರ. ಆದರೂ ಪಾಶ್ಚಾತ್ಯ ದೇಶಗಳಲ್ಲಿ ಸಾವಿರಾರು ಮನೆಗಳು ಇದನ್ನು ಉದ್ಯೋಗವಾಗಿ ಹಿಡಿದವಲ್ಲ, ಹೇಗೆ? ಅವರ ಆದಾಯ ಉಣ್ಣೆಯಿಂದ ಬರುತ್ತಿರಲಿಲ್ಲ. ಮರಿಯಿಂದ ಬರುತ್ತಿತ್ತು. ಅಮೆರಿಕದ ಇತಿಹಾಸವೇ ಇದಕ್ಕೆ ಸಾಕ್ಷಿ. ಅಲ್ಲಿಗೆ 1984ರಲ್ಲಿ ಆಲ್ಪಾಕಗಳ ವಾಣಿಜ್ಯ ಆಮದು ಆರಂಭವಾಯಿತು. 1998ರಲ್ಲಿ ಅಲ್ಲಿನ ನೋಂದಣಿ ಸಂಸ್ಥೆಯು ಹೊರದೇಶದ ಪ್ರಾಣಿಗಳಿಗೆ ಬಾಗಿಲು ಮುಚ್ಚಿತು. ಒಳಗಿದ್ದ ಪ್ರಾಣಿಗಳ ಬೆಲೆ ಗಗನಕ್ಕೇರಿ, ಒಳ್ಳೆಯ ತಳಿಯ ಒಂದು ಹೆಣ್ಣಿಗೆ ಹತ್ತಾರು ಸಾವಿರ ಡಾಲರು ಕೊಡುವವರಿದ್ದರು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಇಬ್ಬರು ಅರ್ಥಶಾಸ್ತ್ರಜ್ಞರು 2007ರಲ್ಲಿಯೇ ಈ ಬೆಲೆಗೂ ಉಣ್ಣೆಯ ಆದಾಯಕ್ಕೂ ಸಂಬಂಧವಿಲ್ಲ, ಇದು ಒಡೆಯಲಿರುವ ನೀರ್ಗುಳ್ಳೆ ಎಂದು ಎಚ್ಚರಿಸಿದರು. 2008ರ ಆರ್ಥಿಕ ಕುಸಿತದ ಬಳಿಕ ಗುಳ್ಳೆ ಒಡೆಯಿತು. ನಿನ್ನೆಯವರೆಗೆ ಬಂಗಾರವಾಗಿದ್ದ ಪ್ರಾಣಿಯನ್ನು ಪುಕ್ಕಟೆ ಕೊಟ್ಟರೂ ಕೊಳ್ಳುವವರಿಲ್ಲದಂತಾಯಿತು. ನಿವೃತ್ತಿಯ ಹಣವನ್ನೆಲ್ಲ ಅದರಲ್ಲಿ ತೊಡಗಿಸಿದ ಮುದುಕರ ಹಿತ್ತಲುಗಳಲ್ಲಿ ಮೇವಿಲ್ಲದ ಮಂದೆಗಳು ನಿಂತವು. ಕೆಲವು ದಯಾಳುಗಳ ಆಶ್ರಯ ಸೇರಿದವು, ಕೆಲವು ಹರಾಜಿಗೆ ಹೋದವು. ಹರಾಜಿಗೆ ಹೋದ ಪ್ರಾಣಿಗೆ ಕೊನೆಯ ಗಿರಾಕಿ ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸ್ಥಳದಲ್ಲಿ ಶಾಸ್ತ್ರದ ಒಂದು ಹಳೆಯ ಪದವನ್ನು ನೆನೆಯಬೇಕು. ಉಪಾಸಕದಶಾಂಗದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳ, ಎಂದರೆ ಕ್ರೂರ ಜೀವನೋಪಾಯಗಳ, ಪಟ್ಟಿ ಬರುತ್ತದೆ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಅದನ್ನು ವಿವರಿಸಿದ್ದಾರೆ. ಇವು ಶ್ವೇತಾಂಬರ ಗ್ರಂಥಗಳು ನಿಜ. ಆದರೆ ವಿವೇಕಕ್ಕೆ ಆಮ್ನಾಯಭೇದವಿಲ್ಲ. ಆ ಹದಿನೈದರಲ್ಲಿ ದಂತವಾಣಿಜ್ಯ, ಲಾಕ್ಷಾವಾಣಿಜ್ಯ, ವಿಷವಾಣಿಜ್ಯಗಳ ಸಾಲಿನಲ್ಲಿ ಕೇಶವಾಣಿಜ್ಯವೂ ಒಂದು. ಕೇಶವಾಣಿಜ್ಯವೆಂದರೆ ಕೂದಲಿನ ವ್ಯಾಪಾರವೆಂದು ಪದವನ್ನು ನೋಡಿದವರು ಊಹಿಸುತ್ತಾರೆ. ಹಾಗಲ್ಲ. ಕೇಶವುಳ್ಳ ಜೀವಿಗಳನ್ನು, ಎರಡು ಕಾಲಿನ ದಾಸದಾಸಿಯರನ್ನೂ ನಾಲ್ಕು ಕಾಲಿನ ಪಶುಗಳನ್ನೂ, ಕೊಂಡು ಮಾರುವುದೇ ಕೇಶವಾಣಿಜ್ಯವೆಂದು ಆಚಾರ್ಯರ ವಿವರಣೆ. ಪ್ರಾಣಿಯ ಮೇಲಿನ ಕೂದಲಿಗೂ ಕೂದಲಿನ ಕೆಳಗಿನ ಪ್ರಾಣಿಗೂ ಇರುವ ಅಂತರವನ್ನು ಅವರು ಎಷ್ಟು ಸ್ಪಷ್ಟವಾಗಿ ಕಂಡಿದ್ದರು! ಜೀವವನ್ನು ಮಾರಿದವನಿಗೆ ಮುಂದೆ ಅದರ ಮೇಲೆ ಹೇರುವ ಭಾರ, ಬೀಳುವ ಏಟು, ಕೊನೆಗೆ ಕೊರಳಿಗೆ ಬರುವ ಕತ್ತಿ ಯಾವುದರ ಮೇಲೆಯೂ ಹಿಡಿತ ಉಳಿಯುವುದಿಲ್ಲ. ಹಿಡಿತ ಉಳಿಯದಿದ್ದರೂ ಕಾರಣತ್ವ ತಪ್ಪುವುದಿಲ್ಲ. ಅದೇ ಉಪಾಸಕದಶಾಂಗದ ಆನಂದ ಶ್ರಾವಕನ ಬಳಿ ನಲವತ್ತು ಸಾವಿರ ಗೋವುಗಳಿದ್ದುವು. ಸಾಕುವುದನ್ನು ಭಗವಾನ್ ಮಹಾವೀರರು ಅವನಿಗೆ ನಿಷೇಧಿಸಲಿಲ್ಲ. ಅವನು ಅಷ್ಟಕ್ಕೇ ಪರಿಮಿತಿ ಹಾಕಿಕೊಂಡನು. ಸಾಕುವುದು ಬೇರೆ, ಮಾರುವುದು ಬೇರೆ.

ಈಗ ಹಿತ್ತಲಿನ ಸಾಕಣೆದಾರರ ಉತ್ತರವನ್ನು ಕೇಳಬೇಕು, ಏಕೆಂದರೆ ಅವರಲ್ಲಿ ಸಜ್ಜನರು ಬಹಳ. 'ನಾವು ಮಂದೆ ಕಟ್ಟಿದವರಲ್ಲ. ನಮ್ಮದು ನಾಲ್ಕೇ ಪ್ರಾಣಿ. ಪ್ರತಿಯೊಂದಕ್ಕೂ ಹೆಸರಿದೆ. ಯಾವುದನ್ನೂ ಕೊಲ್ಲುವುದಿಲ್ಲ' ಎನ್ನುತ್ತಾರೆ. ಅವರ ಕೆಲಸವನ್ನು ನೋಡಿದರೆ ಗೌರವವೇ ಮೂಡುತ್ತದೆ. ಕತ್ತರಿಸಿದ ಉಣ್ಣೆಯನ್ನು ಬಲೆಯ ಮೇಜಿನ ಮೇಲೆ ಹರಡಿ, ಹುಲ್ಲು ಕಡ್ಡಿಗಳನ್ನು ಕೈಯಿಂದ ಆರಿಸುತ್ತಾರೆ. ಕುರಿಯ ಉಣ್ಣೆಯಲ್ಲಿರುವ ಜಿಡ್ಡು ಇದರಲ್ಲಿ ಬಹು ಕಡಿಮೆಯಾದ್ದರಿಂದ ಕಟುವಾದ ಸಾಬೂನು ಬೇಡ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಕಲಕದೆ ಎತ್ತಿ ಒಣಗಿಸುತ್ತಾರೆ. ಕಲಕಿದರೆ ಎಳೆಗಳು ಹೆಣೆದುಕೊಂಡು ಗಂಟಾಗುತ್ತವೆ. ಬಳಿಕ ಹಿಂಜಿ ರಾಟೆಗೆ ಹಚ್ಚುತ್ತಾರೆ. ಎಳೆ ಜಾರುವ ಸ್ವಭಾವದ್ದು. ಹುರಿ ಸ್ವಲ್ಪ ಹೆಚ್ಚು ಕೊಡದಿದ್ದರೆ ನೂಲು ಬಿಚ್ಚಿಕೊಳ್ಳುತ್ತದೆ. ಹೆಣೆದ ಬಟ್ಟೆ ಬಿಸಿ, ಹಗುರ; ಆದರೆ ಕುರಿಯುಣ್ಣೆಯ ಹಾಗೆ ಹಿಗ್ಗಿ ಕುಗ್ಗುವುದಿಲ್ಲವಾದ್ದರಿಂದ ಸ್ವೆಟರು ಕೆಲವು ದಿನಗಳಲ್ಲಿ ಜೋತುಬೀಳುತ್ತದೆ. ಅದಕ್ಕೆಂದೇ ತೋಳಿನ ಅಂಚಿಗೂ ಸೊಂಟಕ್ಕೂ ಬಿಗಿಯಾದ ಹೆಣಿಗೆ ಹಾಕುತ್ತಾರೆ. ಒಂದು ಸ್ವೆಟರಿಗೆ ಬೇಕಾದ ನೂಲನ್ನು ಬಿಡುವಿನ ವೇಳೆಯಲ್ಲಿ ಕೈಯಿಂದ ನೂಲುವುದಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ಇಷ್ಟು ಶ್ರಮಪಟ್ಟು ಹೆಣೆದ ವಸ್ತ್ರವನ್ನು ಹತ್ತು ದಿನ ತೊಟ್ಟು ಎಸೆಯುವವರು ಇರಲಾರರು. ಅಪರಿಗ್ರಹದ ದೃಷ್ಟಿಯಿಂದ, ಗಿರಣಿಯ ಅಗ್ಗದ ಅಕ್ರಿಲಿಕ್ ಅಂಗಿಗಳನ್ನು ರಾಶಿ ಹಾಕಿಕೊಳ್ಳುವ ಮನೆಗಿಂತ ಇಂಥ ಮನೆ ಎಷ್ಟೋ ಮೇಲು. ಇದನ್ನು ಮುಕ್ತಕಂಠದಿಂದ ಹೇಳಬೇಕು.

ಆದರೂ ಆ ನಾಲ್ಕು ಪ್ರಾಣಿಗಳು ಎಲ್ಲಿಂದ ಬಂದುವು? ತಳಿ ಬೆಳೆಸುವವನಿಂದ ಹಣ ಕೊಟ್ಟು ಕೊಂಡವು. ಸಾಮಾನ್ಯವಾಗಿ ಹಿತ್ತಲಿಗೆ ಬರುವುದು ಬೀಜ ತೆಗೆದ ಗಂಡುಗಳು. ಹನ್ನೊಂದು ತಿಂಗಳಿಗೂ ಹೆಚ್ಚು ಕಾಲ ಹೊತ್ತು ತಾಯಿ ಒಂದೇ ಮರಿ ಹಾಕುತ್ತದೆ. ಹುಟ್ಟುವ ಮರಿಗಳಲ್ಲಿ ಅರ್ಧದಷ್ಟು ಗಂಡು. ಮಂದೆಗೆ ಬೇಕಾದುದು ಒಂದೋ ಎರಡೋ. ಉಳಿದ ಗಂಡುಗಳ ಬೀಜ ತೆಗೆದು 'ಸಾಕುಪ್ರಾಣಿ' ಎಂದು ಅಗ್ಗಕ್ಕೆ ಮಾರುತ್ತಾರೆ. ಪೂಜ್ಯಪಾದರು ಹೇಳಿದ ಛೇದ ಉಣ್ಣೆಯ ಕತ್ತರಿಯಲ್ಲಿ ಇರಲಿಲ್ಲ, ಇಲ್ಲಿ ಇದೆ. ಹಿತ್ತಲಿನವನು ಅದನ್ನು ತನ್ನ ಕೈಯಿಂದ ಮಾಡಲಿಲ್ಲ. ಆದರೆ ಕೃತ, ಕಾರಿತ, ಅನುಮೋದನೆಗಳೆಂಬ ಮೂರು ಬಾಗಿಲುಗಳಲ್ಲಿ ಒಂದನ್ನು ಮುಚ್ಚಿದ ಮಾತ್ರಕ್ಕೆ ಆಸ್ರವ ನಿಲ್ಲುವುದಿಲ್ಲವೆಂಬುದು ಶ್ರಾವಕನಾದವನಿಗೆ ಹೇಳಿಸಿಕೊಳ್ಳಬೇಕಾದ ಮಾತೇ? ಅವನ ನಾಲ್ಕು ಪ್ರಾಣಿಗಳ ಬೆಲೆಯೇ ಮುಂದಿನ ವರ್ಷದ ಮರಿಗಳಿಗೆ ಬಂಡವಾಳ. ಗಿರಾಕಿ ಸಿಕ್ಕದ ಗಂಡುಗಳ ಗತಿ ಏನೆಂಬುದೂ ಗುಟ್ಟಲ್ಲ. ಆಸ್ಟ್ರೇಲಿಯದಲ್ಲಿ ಆಲ್ಪಾಕದ ಮಾಂಸ ಒಂದು ಉದ್ಯಮವಾಗಿ ಬೆಳೆದಿದೆ. ಪೆರುವಿನಲ್ಲಿ ಉಣ್ಣೆ ಒರಟಾದ ಪ್ರಾಣಿಯನ್ನು ಕಡಿದು ಒಣಮಾಂಸ ಮಾಡುವುದು ಬಹು ಹಿಂದಿನಿಂದ ಬಂದ ರೂಢಿ. ಹಿಮಗಾಳಿಯಲ್ಲಿ ಮರಿಗಳನ್ನು ಕಳೆದುಕೊಂಡು, ಉಣ್ಣೆಗೆ ಸಿಗುವ ಪುಡಿಗಾಸಿನಲ್ಲಿ ಮಕ್ಕಳನ್ನು ಸಾಕುವ ಆ ಬಡವನನ್ನು ಇಲ್ಲಿ ಕುಳಿತು ನಿಂದಿಸುವುದು ಅಧರ್ಮ. ಪ್ರಶ್ನೆ ಇರುವುದು ಬೆಚ್ಚಗಿನ ಮನೆಯಲ್ಲಿ ಕುಳಿತು ಕೊಳ್ಳುವವನಿಗೆ.

ನಮ್ಮ ನಾಡಿನಲ್ಲಿಯೂ ಈ ಕಥೆಗೆ ಜೋಡಿಯಿದೆ. ದಖನಿ ಕುರಿಯ ಉಣ್ಣೆಯಿಂದ ಕಂಬಳಿ ನೇಯುತ್ತಿದ್ದ ಕಾಲದಲ್ಲಿ ಕುರಿಯನ್ನು ಉಣ್ಣೆಗಾಗಿಯೂ ಉಳಿಸಿಕೊಳ್ಳುತ್ತಿದ್ದರು. ಕಂಬಳಿಗೆ ಬೆಲೆಯಿಲ್ಲದಾದ ಮೇಲೆ ಅದೇ ಕುರಿಯನ್ನು ಸಾಕುವುದು ಬಹುಮಟ್ಟಿಗೆ ಮಾಂಸಕ್ಕೆ. ಕೂದಲಿನ ಆದಾಯ ಕುಗ್ಗಿದರೆ ಪ್ರಾಣಿಯ ಆಯುಸ್ಸೂ ಕುಗ್ಗುತ್ತದೆ.

ಹಿತ್ತಲಿನ ಉಣ್ಣೆಯವರು ಮರೆಯುವ ಸಣ್ಣ ಸಂಗತಿಗಳೂ ಕೆಲವಿವೆ. ಬಣ್ಣದ್ದು ಒಂದು. ಆಲ್ಪಾಕದಲ್ಲಿ ಬಿಳಿ, ಕಂದು, ಬೂದು, ಕಪ್ಪು ಬಣ್ಣಗಳು ಹುಟ್ಟಿನಿಂದಲೇ ಹಲವು ಛಾಯೆಗಳಲ್ಲಿ ಇರುತ್ತವೆ. ಆದರೆ ಕೆಂಪು ಬೇಕೆಂಬ ಆಸೆಗೆ, 'ನೈಸರ್ಗಿಕ' ಎಂಬ ಹೆಸರಿನಲ್ಲಿ, ಕೊಚಿನೀಲ್ ಬಣ್ಣವನ್ನು ಬಳಸುವವರಿದ್ದಾರೆ. ಅದು ಪಾಪಾಸುಕಳ್ಳಿಯ ಮೇಲೆ ಬದುಕುವ ಕೀಟಗಳನ್ನು ಕೊಂದು ಒಣಗಿಸಿ ಅರೆದ ಪುಡಿ. ಒಂದು ಕಿಲೋ ಪುಡಿಗೆ ಒಂದು ಲಕ್ಷಕ್ಕೂ ಮೀರಿದ ಕೀಟಗಳು. ಲಾಕ್ಷಾವಾಣಿಜ್ಯವನ್ನು ಏಕೆ ನಿಷೇಧಿಸಿದರೆಂದು ಕೇಳುವವರಿಗೆ ಇದೊಂದೇ ಉದಾಹರಣೆ ಸಾಕು. ಇನ್ನೊಂದು ಪೆಟ್ಟಿಗೆಯದು. ಉಣ್ಣೆಯನ್ನು ಬಟ್ಟೆಹುಳು ತಿನ್ನುತ್ತದೆ, ಹತ್ತಿಯನ್ನು ಹಾಗೆ ತಿನ್ನುವುದಿಲ್ಲ. ಹುಳು ಬರದಿರಲೆಂದು ಗೃಹಿಣಿ ನುಸಿಗುಳಿಗೆ ಹಾಕುತ್ತಾಳೆ; ಗುಳಿಗೆಯ ವಿಷದಲ್ಲಿ ಮರಿಹುಳುಗಳು ಸಾಯುತ್ತವೆ. ಆಲ್ಪಾಕಕ್ಕೆ ನೋವಾಗಲಿಲ್ಲವೆಂದು ಹರ್ಷಿಸಿ ಕೊಂಡ ಶಾಲಿಗಾಗಿ ಪ್ರತಿ ವರ್ಷ ತ್ರಸಹಿಂಸೆ ನಡೆಯುತ್ತದೆ. ಬಿಸಿಲಿಗೆ ಹರಡಿ, ಕೊಡವಿ, ಗಾಳಿಯಾಡದ ಚೀಲದಲ್ಲಿ ಮುಂಚಿತವಾಗಿಯೇ ಕಟ್ಟಿಟ್ಟರೆ ಗುಳಿಗೆ ಬೇಕಾಗದು. ಆ ಶ್ರದ್ಧೆ ಇಲ್ಲದವರು ಉಣ್ಣೆಯ ಗೊಡವೆಗೆ ಹೋಗದಿರುವುದೇ ಲೇಸು.

'ಈ ತರ್ಕವನ್ನು ಹಿಡಿದರೆ ಹಾಲನ್ನೂ ಬಿಡಬೇಕಾಗುತ್ತದಲ್ಲ' ಎಂದು ಯಾರಾದರೂ ಆಕ್ಷೇಪಿಸುವುದು ಖಂಡಿತ. ಆಕ್ಷೇಪಣೆ ಸರಿಯಾದುದೇ, ಅದರಿಂದ ನುಣುಚಿಕೊಳ್ಳಲು ದಾರಿಯಿಲ್ಲ. ಹೋರಿಗರುವನ್ನೂ ಬತ್ತಿದ ಹಸುವನ್ನೂ ಮಾರುವ ಮನೆಯ ಹಾಲಿಗೂ, ಗಂಡು ಮರಿಯನ್ನು ಮಾರುವ ಮನೆಯ ಉಣ್ಣೆಗೂ ಒಂದೇ ತಕ್ಕಡಿ. ಡೈರಿಯ ಹಾಲನ್ನು ಅಭಿಷೇಕಕ್ಕೆ ಕೊಡಗಟ್ಟಲೆ ತರಿಸುವ ಟ್ರಸ್ಟುಗಳು ಹಸುವಿನ ಕೊನೆಯ ವಿಳಾಸವನ್ನು ಎಂದಾದರೂ ಕೇಳಿವೆಯೇ? ಕೇಳುವುದು ಅಹಿತಕರ, ಆದ್ದರಿಂದ ಉಣ್ಣೆಯ ವಿಷಯದಲ್ಲಿಯೂ ಕೇಳುವುದು ಬೇಡ ಎಂಬುದು ವಾದವಾಗಲಾರದು. ಒಂದು ಕಡೆ ಕುರುಡಾದವನು ಇನ್ನೊಂದು ಕಣ್ಣನ್ನೂ ಮುಚ್ಚಿಕೊಳ್ಳುವುದುಂಟೇ?

ಹಾಗೆಂದು ಆಲ್ಪಾಕದ ಉಣ್ಣೆಯನ್ನು ತೊಡಲು ಧರ್ಮಸಮ್ಮತವಾದ ದಾರಿಯೇ ಇಲ್ಲವೆಂದಲ್ಲ. ಜೈನ ಸಮಾಜವು ಪಾಂಜರಪೋಳವೆಂಬ ಸಂಸ್ಥೆಯನ್ನು ಶತಮಾನಗಳಿಂದ ನಡೆಸುತ್ತ ಬಂದಿದೆ. ಕೆಲಸಕ್ಕೆ ಬಾರದ, ಮುದಿಯಾದ, ಕುಂಟಾದ ಪ್ರಾಣಿಯನ್ನು ಸಹಜ ಮರಣದವರೆಗೆ ಸಾಕುವುದು ಅದರ ಕ್ರಮ. ಯಾರ ಹಿತ್ತಲು ಒಂದು ಚಿಕ್ಕ ಪಾಂಜರಪೋಳವಾಗಿದೆಯೋ, ಅಂದರೆ ಬೇರೆಯವರು ತೊರೆದ ಪ್ರಾಣಿಗಳನ್ನು ಬೆಲೆ ಕೊಡದೆ ತಂದು, ಮರಿ ಹಾಕಿಸದೆ, ಮಾರದೆ, ಉಣ್ಣೆ ಒರಟಾದ ಮೇಲೆಯೂ ಅದೇ ಮೇವನ್ನು ಅದೇ ಪ್ರೀತಿಯಿಂದ ಹಾಕುತ್ತ ಇಪ್ಪತ್ತು ವರ್ಷ ನಡೆದುಕೊಳ್ಳುವ ಮನೆಯೋ, ಅಲ್ಲಿ ಹೇಗೂ ಇಳಿಸಲೇಬೇಕಾದ ಉಣ್ಣೆಯನ್ನು ನೂತು ಹೆಣೆದು ತೊಡುವುದು ನವಿಲು ಉದುರಿಸಿದ ಗರಿಯನ್ನು ಹೆಕ್ಕಿದಷ್ಟೇ ನಿರ್ದೋಷಕ್ಕೆ ಸಮೀಪ. ಅದನ್ನು ಕೊಳ್ಳುವುದೂ ಆ ಪ್ರಾಣಿಗಳ ಮೇವಿಗೆ ನೆರವಾಗುತ್ತದೆ. ಆಗಲೂ ಹುಳುವಿನ ಔಷಧಿ ಮೊದಲಾದ ಆರಂಭೀ ಹಿಂಸೆ ತಪ್ಪದು. ಗೃಹಸ್ಥನ ಬಾಳಿನಲ್ಲಿ ಅಷ್ಟು ಇದ್ದೇ ಇರುತ್ತದೆ. ಒಂದು ಮಾತ್ರ ನೆನಪಿರಬೇಕು. ಅಂಥ ಹೊಣೆ ಹೊರುವುದು ಮಕ್ಕಳ ಹುಟ್ಟುಹಬ್ಬಕ್ಕೆ ಆಟಿಕೆ ತಂದಷ್ಟು ಹಗುರವಲ್ಲ. 2021ರ ಆಗಸ್ಟ್ 31ರಂದು ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಜೆರೋನಿಮೊ ಎಂಬ ಒಂದು ಆಲ್ಪಾಕವನ್ನು ಕ್ಷಯರೋಗದ ಪರೀಕ್ಷೆಯ ಕಾರಣದಿಂದ ಸರ್ಕಾರದವರೇ ಬಂದು ಒಯ್ದು ಕೊಂದರು. ಅದರ ಒಡತಿ ನಾಲ್ಕು ವರ್ಷ ನ್ಯಾಯಾಲಯಗಳಲ್ಲಿ ಹೋರಾಡಿಯೂ ಉಳಿಸಿಕೊಳ್ಳಲಾಗಲಿಲ್ಲ. ಸಾಕುವವನ ಇಚ್ಛೆಯೊಂದೇ ಪ್ರಾಣಿಯ ಆಯುಸ್ಸನ್ನು ಕಾಯಲಾರದ ಕಾನೂನುಗಳು ಆ ದೇಶಗಳಲ್ಲಿವೆ. ವ್ರತ ಹಿಡಿಯುವ ಮುನ್ನ ಅದನ್ನೂ ತಿಳಿದಿರಬೇಕು.

ಆದುದರಿಂದ ಬಸದಿಯ ಸಮಿತಿಗಳು ಉಣ್ಣೆಯ ಪರವಾಗಿಯೂ ವಿರೋಧವಾಗಿಯೂ ಠರಾವು ಮಾಡುವ ಅಗತ್ಯವಿಲ್ಲ. ಮಗಳು ತಂದ ಶಾಲಿನ ವಿಷಯವನ್ನು ಅಜ್ಜಿಯೇ ತೀರ್ಮಾನಿಸಬಲ್ಲಳು. ಈ ಉಣ್ಣೆ ಕೊಟ್ಟ ಮನೆಯಲ್ಲಿ ಅತ್ಯಂತ ಮುದಿಯಾದ ಪ್ರಾಣಿಗೆ ಎಷ್ಟು ವಯಸ್ಸು, ಕಳೆದ ಐದು ವರ್ಷಗಳಲ್ಲಿ ಅಲ್ಲಿ ಹುಟ್ಟಿದ ಗಂಡು ಮರಿಗಳು ಈಗ ಎಲ್ಲಿವೆ ಎಂದು ಮಗಳು ಹೆಣೆದವರನ್ನು ಕೇಳಿ ತಿಳಿಯಲಿ. ಉಣ್ಣೆಯ ದರ್ಜೆ, ಎಳೆಯ ನುಣುಪು, ತೊಳೆಯುವ ಕ್ರಮ ಎಲ್ಲವನ್ನೂ ಚೀಟಿಯಲ್ಲಿ ಅಚ್ಚುಮಾಡುವವರಿಗೆ ಇದನ್ನು ಹೇಳುವುದು ಕಷ್ಟವೇನಲ್ಲ. ಉತ್ತರ ಬರುವವರೆಗೆ ಶಾಲು ಪೆಟ್ಟಿಗೆಯಲ್ಲಿಯೇ ಇರಲಿ, ನುಸಿಗುಳಿಗೆ ಇಲ್ಲದೆ.